ಯೂನಿಕ್ಸ್ ವಂಶದ ಒಂದು ಕನ್ನಡನಾಡಿನ ಶಾಖೆ

ಬೆಂಗಳೂರಿನ ಉತ್ತರಭಾಗದಲ್ಲಿ, ಯಶವಂತಪುರದ ಮಗ್ಗುಲಿಗೆ, 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಿರುವುದು. ಅಲ್ಲಿಂದ ಕೆಲವು ಮೈಲಿಗಳಾಚೆ ಜಾಲಹಳ್ಳಿಯಲ್ಲಿ, 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿರುವುದು. ಈ ಎರಡು ಸ್ಥಳಗಳ ನಡುವೆ 1998ರಿಂದ 2004ರವರೆಗೆ ನಡೆದ ಒಂದು ಉದ್ಯಮದ ಫಲವೇ ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕಯಂತ್ರ. ವಾಣಿಜ್ಯದೃಷ್ಟಿಯಿಂದ ಅದು ಸೋತಿತೆಂಬುದು ಲೋಕವಿದಿತವಾಗಿದೆ. ಆದರೆ ಅದರ ಒಳಗೆ ನಡೆಯುತ್ತಿದ್ದ ಕಾರ್ಯಾಚರಣ ವ್ಯವಸ್ಥೆಯ ವಂಶಾವಳಿಯನ್ನು ಅರಿಯದೆ ಆ ಸೋಲಿನ ಸ್ವರೂಪವನ್ನು ನಿರ್ಣಯಿಸುವುದು ಸಾಧುವಲ್ಲ.

ಗಣಕಯಂತ್ರದ ಅಂಗೋಪಾಂಗಗಳಿಗೆ ಕೆಲಸವನ್ನು ಹಂಚಿಕೊಟ್ಟು, ಒಂದು ಮತ್ತೊಂದರ ಮೇಲೆ ಬೀಳದಂತೆ ಕಾಯುವ ಮೂಲಕ್ರಮಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. 1969ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಎಂಬವರು ಪಿಡಿಪಿ-7 ಎಂಬ ಚಿಕ್ಕ ಯಂತ್ರದ ಮೇಲೆ ಇಂತಹುದೊಂದನ್ನು ರಚಿಸತೊಡಗಿದರು; ಡೆನಿಸ್ ರಿಚಿ ಅವರೊಡನೆ ಸೇರಿದರು. ಅದೇ ಯೂನಿಕ್ಸ್. ಅದುವರೆಗೆ ಇಂತಹ ಕ್ರಮಗಳು ಆಯಾ ಯಂತ್ರದ ಒಡಲಿಗೆ ಅಂಟಿಕೊಂಡಿರುತ್ತಿದ್ದುವು; ಯಂತ್ರವಳಿದರೆ ಅವೂ ಅಳಿಯುತ್ತಿದ್ದುವು. 1973ರಲ್ಲಿ ಯೂನಿಕ್ಸನ್ನು ರಿಚಿಯವರೇ ಕಲ್ಪಿಸಿದ ಸಿ ಎಂಬ ಭಾಷೆಯಲ್ಲಿ ಪುನಃ ಬರೆದುದರಿಂದ ಅದನ್ನು ಬೇರೆ ಯಂತ್ರಗಳಿಗೆ ಒಯ್ಯುವುದು ಸುಲಭವಾಯಿತು. ಬೆಲ್ ಪ್ರಯೋಗಾಲಯದ ಒಡೆತನವಿದ್ದ ಎಟಿ ಅಂಡ್ ಟಿ ಸಂಸ್ಥೆಯು 1956ರ ಒಂದು ನ್ಯಾಯಾಲಯದ ಒಡಂಬಡಿಕೆಯಿಂದ ಬದ್ಧವಾಗಿದ್ದು, ಗಣಕ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಆದುದರಿಂದ ಅದು ಯೂನಿಕ್ಸಿನ ಮೂಲಪಾಠವನ್ನು ವಿಶ್ವವಿದ್ಯಾನಿಲಯಗಳಿಗೆ ಅಲ್ಪಬೆಲೆಗೆ ಕೊಟ್ಟಿತು. ಓಲೆಯ ಪ್ರತಿಗಳು ಮಠದಿಂದ ಮಠಕ್ಕೆ ಹೋಗಿ ಪಾಠಾಂತರಗಳನ್ನು ಪಡೆದಂತೆ ಬರ್ಕ್ಲಿಯಲ್ಲಿ ಒಂದು ಪಾಠ, ಬೇರೆಡೆ ಬೇರೊಂದು ಪಾಠ ಬೆಳೆದುವು. 1984ರಲ್ಲಿ ಆ ಸಂಸ್ಥೆಯ ವಿಭಜನೆಯಾಗಿ ನಿರ್ಬಂಧವು ಸಡಿಲಿದ ಮೇಲೆ ಮೂಲಪಾಠಕ್ಕೆ ಬೆಲೆಯೂ ಬೇಲಿಯೂ ಏರಿದುವು.

ಈ ಬೇಲಿಗೆ ಪ್ರತಿಯಾಗಿ ರಿಚರ್ಡ್ ಸ್ಟಾಲ್ಮನ್ ಎಂಬವರು 1983ರಲ್ಲಿಯೇ ಗ್ನು ಎಂಬ ಯೋಜನೆಯನ್ನು ಸಾರಿದ್ದರು. ಪಡೆದವನು ತಿದ್ದಬಹುದು, ಹಂಚಬಹುದು. ಆದರೆ ತಾನು ಹಂಚಿದ ಪ್ರತಿಯ ಮೂಲಪಾಠವನ್ನು ಮರೆಮಾಡಕೂಡದು ಎಂಬುದು ಅವರ ಪರವಾನಿಗೆಯ ತಿರುಳು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ಎಂಬ ತಿರುಳುಕ್ರಮವು ಮರುವರ್ಷ ಇದೇ ಪರವಾನಿಗೆಯನ್ನು ಅಂಗೀಕರಿಸಿತು. ಲಿನಕ್ಸಿನಲ್ಲಿ ಯೂನಿಕ್ಸಿನ ಮೂಲಪಾಠವಿಲ್ಲ. ಆಚಾರವೆಲ್ಲ ಆ ಮನೆಯದೇ. ವಂಶಾವಳಿಯನ್ನು ಬರೆಯುವವರು ಇದನ್ನು ಔರಸಪುತ್ರನೆಂದಲ್ಲ, ದತ್ತಕನೆಂದು ಗಣಿಸಬೇಕಾಗುವುದು. ಮನೆತನವನ್ನು ಬೆಳಗಿದವನು ದತ್ತಕನೇ ಆದದ್ದು ರಾಜವಂಶಗಳಲ್ಲಿಯೂ ಅಪೂರ್ವವಲ್ಲ.

1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಅಂತರರಾಷ್ಟ್ರೀಯ ಗೋಷ್ಠಿಯಲ್ಲಿ, ಬಡದೇಶಗಳ ಜನಸಾಮಾನ್ಯರಿಗೆ ಮಾಹಿತಿ ತಂತ್ರಜ್ಞಾನವು ದೊರೆಯುವ ಬಗೆ ಹೇಗೆಂಬ ಚರ್ಚೆಯಾಯಿತು. ಅದರ ಫಲವಾಗಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ರೂಪುಗೊಂಡಿತು. ವಿಜ್ಞಾನ ಸಂಸ್ಥೆಯಿಂದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರೂ, ಎನ್ಕೋರ್ ಎಂಬ ಸಂಸ್ಥೆಯಿಂದ ವಿನಯ್ ದೇಶಪಾಂಡೆ, ಶಶಾಂಕ್ ಗರ್ಗ್, ಮಾರ್ಕ್ ಮಥಾಯಸ್ ಎಂಬ ಮೂವರೂ ಅದರ ಸದಸ್ಯರು. ಸರಳ, ಅಗ್ಗ, ಬಹುಭಾಷಿಕ ಎಂಬರ್ಥದ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳನ್ನು ಕಂಪ್ಯೂಟರ್ ಎಂಬುದಕ್ಕೆ ಬೆಸೆದು ಹೆಸರನ್ನಿಟ್ಟರು. 2001ರ ಏಪ್ರಿಲಿನಲ್ಲಿ ಮೊದಲ ಮಾದರಿಯು ಪ್ರದರ್ಶಿತವಾಯಿತು. ಗಳಿಗೆಗೆ ಬೆಲೆಯಿಲ್ಲದ ಹಳ್ಳಿಗನಿಗೆ ಯಂತ್ರವೇಕೆಂದು ಕೇಳಿದವರೂ ಇದ್ದರು. ಯಂತ್ರವು ಒಬ್ಬೊಬ್ಬನಿಗೂ ಬೇಡ, ಊರಿಗೊಂದಿರಲಿ, ಒಬ್ಬೊಬ್ಬನಿಗೂ ತನ್ನದಾದ ಒಂದು ಸ್ಮಾರ್ಟ್ ಕಾರ್ಡ್ ಇರಲಿ ಎಂಬುದು ಟ್ರಸ್ಟಿನ ಉತ್ತರ.

ಇದರೊಳಗೆ 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಎಂಬ ಸಂಸ್ಕಾರಕವೂ, ಅದರ ಮೇಲೆ ಲಿನಕ್ಸೂ ಇದ್ದುವು. ಲಿನಕ್ಸನ್ನು ಆರಿಸಿದುದಕ್ಕೆ ಬೆಲೆಯೊಂದೇ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು, ಅದು ಅರ್ಧಸತ್ಯ. ಮೂಲಪಾಠವು ಮುಚ್ಚಿದ್ದ ವ್ಯವಸ್ಥೆಯಲ್ಲಿ ಕನ್ನಡ ಲಿಪಿಯನ್ನಾಗಲಿ ಕನ್ನಡದ ಉಚ್ಚಾರವನ್ನಾಗಲಿ ಸೇರಿಸಬೇಕಾದರೆ ಒಡೆಯನ ಅನುಮತಿ ಬೇಕಾಗುತ್ತಿತ್ತು. ಇಲ್ಲಿ ಅದು ಬೇಕಾಗಲಿಲ್ಲ. ಟ್ರಸ್ಟಿನವರು ಯಂತ್ರದ ವಿನ್ಯಾಸಕ್ಕೂ ಇದೇ ಧರ್ಮವನ್ನು ವಿಸ್ತರಿಸಿದರು: ವಿನ್ಯಾಸವನ್ನು ಉತ್ತಮಗೊಳಿಸಿದವರು ಒಂದು ವರ್ಷ ಅದರ ಲಾಭವನ್ನುಣ್ಣಬಹುದು; ಬಳಿಕ ಅದನ್ನು ಟ್ರಸ್ಟಿಗೆ ಒಪ್ಪಿಸತಕ್ಕದ್ದು.

ಸಾಹಿತ್ಯಾಭ್ಯಾಸಿಗಳಿಗೆ ಇಲ್ಲಿ ಅತ್ಯಂತ ಗಮನಾರ್ಹವಾದುದು ಧ್ವನಿ ಎಂಬ ವಾಚಕಕ್ರಮ. ಅಕ್ಷರಜ್ಞಾನವಿಲ್ಲದವನಿಗೆ ಯಂತ್ರವೇ ಓದಿ ಹೇಳಬೇಕೆಂಬ ಉದ್ದೇಶದಿಂದ ರಮೇಶ್ ಹರಿಹರನ್ ಅವರ ಮುಂದಾಳುತನದಲ್ಲಿ ಅದು ಸಿದ್ಧವಾಯಿತು. ಇಂಗ್ಲಿಷನ್ನು ಓದುವ ಯಂತ್ರಕ್ಕೆ ಪದಪದಕ್ಕೂ ಉಚ್ಚಾರದ ಕೋಶ ಬೇಕು. ಭಾರತೀಯ ಲಿಪಿಗಳಲ್ಲಿ ಅಕ್ಷರವೇ ಧ್ವನಿಯ ಘಟಕವಾದುದರಿಂದ, ಸ್ವರ, ವ್ಯಂಜನ, ಗುಣಿತಾಕ್ಷರಗಳ ನುಡಿತುಣುಕುಗಳನ್ನು ಸಂಗ್ರಹಿಸಿಟ್ಟು ಪೋಣಿಸಿದರೆ ಮಾತು ಹೊರಡುತ್ತದೆ. ಇದರಲ್ಲಿ ಹಿಂದಿಗಿಂತ ಕನ್ನಡಕ್ಕೆ ಅನುಕೂಲ ಹೆಚ್ಚು. ಕಮಲ ಎಂದು ಬರೆದುದನ್ನು ಹಿಂದಿಯವನು ಕಮಲ್ ಎಂದೇ ಓದುವನು. ಅಕಾರವು ಎಲ್ಲಿ ಲೋಪವಾಗುವುದೆಂಬುದಕ್ಕೆ ಬೇರೆ ನಿಯಮಗಳು ಬೇಕು. ಕನ್ನಡದಲ್ಲಿ ಬರೆದ ಅಕಾರವು ಬಹುಮಟ್ಟಿಗೆ ಕೇಳಿಯೇ ಕೇಳುವುದು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕೈಗೊಂಡ ಅಕ್ಷರವಿವೇಚನೆಯ ಜಾಡಿನಲ್ಲಿಯೇ ಯಂತ್ರಶಿಲ್ಪಿಗಳೂ ನಡೆಯಬೇಕಾಯಿತೆಂದರೆ ಅತಿಶಯೋಕ್ತಿಯಲ್ಲ. ಆದರೆ ಪೋಣಿಸಿದ ಮಾತಿಗೆ ಏರಿಳಿತವಿಲ್ಲ. ಪ್ರಶ್ನೆಯೂ ಉತ್ತರವೂ ಒಂದೇ ರಾಗದಲ್ಲಿ ಬರುವ ಆ ದೋಷವನ್ನು ಮುಚ್ಚಿಡುವುದು ಯುಕ್ತವಲ್ಲ.

ವಿಜ್ಞಾನ ಸಂಸ್ಥೆಯ ನಾಲ್ವರು ಪಿಕೋಪೆಟಾ ಎಂಬ ಸಂಸ್ಥೆಯನ್ನು ಕಟ್ಟಿದರು. 2004ರ ಏಪ್ರಿಲ್ 26ರಂದು ಅಮಿಡಾ ಎಂಬ ಹೆಸರಿನ ಸಿಂಪ್ಯೂಟರ್ ಜಾಲಹಳ್ಳಿಯ ಕಾರ್ಖಾನೆಯ ಸಹಯೋಗದಿಂದ ಮಾರುಕಟ್ಟೆಗೆ ಬಂದಿತು. ಅತ್ಯಂತ ಅಗ್ಗದ ಮಾದರಿಯ ಬೆಲೆ 10,000 ರೂಪಾಯಿಗಳಿಗೆ ತುಸು ಕಡಮೆ. ಯಂತ್ರವನ್ನು ಕೈಯಲ್ಲಿ ವಾಲಿಸಿದರೆ ಅದು ಆ ಚಲನೆಯನ್ನು ಗ್ರಹಿಸುತ್ತಿತ್ತು. ಒಂದು ವರ್ಷದಲ್ಲಿ 50,000 ಯಂತ್ರಗಳು ಮಾರಾಟವಾಗುವುವೆಂಬ ನಿರೀಕ್ಷೆಯಿತ್ತು. ಮಾರಾಟವಾದುವು ಸುಮಾರು 4,000 ಮಾತ್ರ. ಅವುಗಳಲ್ಲಿಯೂ ಹಳ್ಳಿಗೆ ತಲಪಿದುವು ಅಲ್ಪಸಂಖ್ಯೆ. ಗಣಿಗಳಿಂದ ಬಂದರುಗಳಿಗೆ ಹೋಗುವ ಅದಿರಿನ ಲಾರಿಗಳ ಲೆಕ್ಕ, ವಾಹನಗಳ ಎಂಜಿನುಗಳ ಪರೀಕ್ಷೆ ಮೊದಲಾದ ಕಾರ್ಯಗಳಲ್ಲಿ ಅದು ಬಳಕೆಯಾಯಿತು.

ಸೋಲಿಗೆ ಕಾರಣವನ್ನು ಕಾರ್ಯಾಚರಣ ವ್ಯವಸ್ಥೆಯಲ್ಲಿ ಹುಡುಕುವುದು ವ್ಯರ್ಥ. ಸ್ವಲ್ಪ ಸಂಖ್ಯೆಯಲ್ಲಿ ತಯಾರಾಗುವ ಯಂತ್ರದ ಬಿಡಿಭಾಗಗಳು ಅಗ್ಗವಾಗಲಾರವು. ಅಗ್ಗವಾಗದೆ ಸಂಖ್ಯೆ ಹೆಚ್ಚಲಾರದು. ಈ ವಿಷವೃತ್ತವನ್ನು ಮುರಿಯಬಲ್ಲ ದೊಡ್ಡ ಬೇಡಿಕೆ ಸರ್ಕಾರಗಳಿಂದ ಬರಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಹಳ್ಳಿಯನ್ನು ಹೊಕ್ಕಿತು. 2008ರಲ್ಲಿ ಆಂಡ್ರಾಯ್ಡ್ ಎಂಬ ವ್ಯವಸ್ಥೆಯ ಮೊದಲ ಫೋನು ಹೊರಬಂದಾಗ ಅದರ ಒಡಲಲ್ಲಿದ್ದುದೂ ಲಿನಕ್ಸಿನ ತಿರುಳೇ, ಆರ್ಮ್ ಕುಲದ ಸಂಸ್ಕಾರಕವೇ. ಜಾಲಹಳ್ಳಿಯ ಯಂತ್ರವೇ ಅದಕ್ಕೆ ಮೂಲವೆಂದು ವಾದಿಸುವುದು ಅಭಿಮಾನದ ಮಾತು, ಇತಿಹಾಸದ ಮಾತಲ್ಲ. ಇಬ್ಬರೂ ಒಂದೇ ಮನೆತನದ ದಾಯಾದಿಗಳು.

ಯಂತ್ರವು ನಿಂತುಹೋದರೂ ಧ್ವನಿಯು ನಿಲ್ಲಲಿಲ್ಲ. ಅದರ ಮೂಲಪಾಠವು ಮುಕ್ತವಾಗಿದ್ದುದರಿಂದ ಕೇರಳದ ಸಂತೋಷ್ ತೋಟ್ಟಿಂಗಲ್ ಎಂಬವರು ಅದನ್ನು ಕೈಗೆತ್ತಿಕೊಂಡು, ಮಲಯಾಳವೇ ಮೊದಲಾದ ಬೇರೆ ಭಾರತೀಯ ಭಾಷೆಗಳನ್ನೂ ಓದುವಂತೆ ವಿಸ್ತರಿಸಿದರು.