ಸಂಕರದ ಬೀಜ ಮತ್ತು ಹೆಸರಿಲ್ಲದ ಕೈ

ಹಸಿರು ಕ್ರಾಂತಿಯ ಪಾಠ ಮಾಡುವಾಗ ನಾನು ಒಂದು ಕಡೆ ತಡವರಿಸುತ್ತೇನೆ. ಹೈಬ್ರಿಡ್ ಬೀಜದ ಚರಿತ್ರೆ ಅಂತ ನಮ್ಮ ಪುಸ್ತಕಗಳಲ್ಲಿ ಇರುವುದು ವಿಜ್ಞಾನಿಗಳು, ಕಂಪನಿಗಳು, ಕಾಯ್ದೆಗಳು. ಆದರೆ ಆ ಬೀಜ ಹುಟ್ಟುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರಾಣೆಬೆನ್ನೂರು ಸೀಮೆಯ ಹತ್ತಿಯ ಸೀಡ್ಸ್ ಪ್ಲಾಟುಗಳಲ್ಲಿ ನಮ್ಮವ್ವ ಕ್ರಾಸಿಂಗ್ ಕೂಲಿಗೆ ಹೋಗುತ್ತಿದ್ದಳು. ಸಾಲಿಗೆ ರಜೆ ಇದ್ದಾಗ ನಾನೂ ಹೋಗುತ್ತಿದ್ದೆ. ಆ ಕೈಗಳು ಚರಿತ್ರೆಯಲ್ಲಿ ಎಲ್ಲಿವೆ? ಇಷ್ಟೇ ನನ್ನ ಪ್ರಶ್ನೆ.

ಮೊದಲು ದಾಖಲಾಗಿರುವ ಚರಿತ್ರೆಯನ್ನೇ ನೋಡೋಣ. 1957ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನೊಂದಿಗೆ ಮೆಕ್ಕೆಜೋಳದ ಸಂಶೋಧನಾ ಯೋಜನೆ ಶುರುವಾಯಿತು. 1961ರಲ್ಲಿ ಅದರ ಮೊದಲ ಹೈಬ್ರಿಡ್‌ಗಳು ಹೊರಬಂದವು. 1963ರಲ್ಲಿ ರಾಷ್ಟ್ರೀಯ ಬೀಜ ನಿಗಮ, 1964ರಲ್ಲಿ ಜೋಳದ ಸಿಎಸ್‌ಎಚ್-1, 1965ರಲ್ಲಿ ಸಜ್ಜೆಯ ಎಚ್‌ಬಿ-1, 1966ರಲ್ಲಿ ಬೀಜ ಕಾಯ್ದೆ. ಖಾಸಗಿಯವರೂ ಹಿಂದೆ ಬೀಳಲಿಲ್ಲ. 1964ರಲ್ಲಿ ಜಾಲ್ನಾದಲ್ಲಿ ಬದ್ರಿನಾರಾಯಣ ಬಾರವಾಲೆ ಮಹಿಕೊ ಕಟ್ಟಿದರು. 1965ರಲ್ಲಿ ಬೆಂಗಳೂರಿನಲ್ಲಿ ಮನಮೋಹನ ಅತ್ತಾವರರ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಬಂತು. 1988ರ ಹೊಸ ಬೀಜ ನೀತಿ ಮತ್ತು 1991ರ ಉದಾರೀಕರಣ ಹೊರದೇಶದ ಬಂಡವಾಳಕ್ಕೆ ಬಾಗಿಲು ತೆರೆದವು.

ಜೋಳ, ಸಜ್ಜೆಗಳಲ್ಲಿ ಗಂಡುಬಂಜೆ ತಳಿಗಳು ಸಿಕ್ಕಿದ್ದವು. ಹೆಣ್ಣು ಸಾಲಿನ ಪಕ್ಕ ಗಂಡು ಸಾಲು ಬಿತ್ತಿದರೆ ಗಾಳಿಯೇ ಕ್ರಾಸಿಂಗ್ ಮಾಡುತ್ತಿತ್ತು. ಹತ್ತಿ ಹಾಗಲ್ಲ. ಅದರ ಪರಾಗ ಭಾರ, ಅಂಟು, ಗಾಳಿಗೆ ಹಾರುವುದಿಲ್ಲ. ಆದರೂ 1970ರಲ್ಲಿ ಸೂರತ್‌ನಲ್ಲಿ ಸಿ.ಟಿ. ಪಟೇಲ್ ರೂಪಿಸಿದ ಎಚ್-4, ಜಗತ್ತಿನಲ್ಲೇ ಮೊದಲು ವಾಣಿಜ್ಯ ಬೇಸಾಯಕ್ಕೆ ಬಂದ ಹೈಬ್ರಿಡ್ ಹತ್ತಿಯಾಯಿತು. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು 'ವರಲಕ್ಷ್ಮಿ'ಯನ್ನೂ, 1981ರಲ್ಲಿ ಡಿಸಿಎಚ್-32 ಅಂದರೆ 'ಜಯಲಕ್ಷ್ಮಿ'ಯನ್ನೂ ಕೊಟ್ಟರು. ಶ್ರೀಮಂತ ದೇಶಗಳಿಗೆ ಆಗದ್ದು ಇಲ್ಲಿ ಹೇಗಾಯಿತು? ವಿದ್ಯೆಯೊಂದರಿಂದಲೇ ಅಲ್ಲ. ಒಂದೊಂದು ಮೊಗ್ಗನ್ನೂ ಕೈಯಲ್ಲಿ ಸುಲಿಯುವ ಕೂಲಿ ಇಲ್ಲಿ ಅಗ್ಗವಾಗಿತ್ತು. ಗಾಳಿ ಮಾಡದ ಕೆಲಸವನ್ನು ಕೇರಿ ಮಾಡಿತು.

ಆ ಕೆಲಸ ಹೀಗೆ. ಮಧ್ಯಾಹ್ನದ ಮೇಲೆ ಹೆಣ್ಣು ಸಾಲಿನಲ್ಲಿ ನಾಳೆ ಅರಳುವ ಮೊಗ್ಗುಗಳನ್ನು ಹುಡುಕಿ, ಪಕಳೆ, ಕೇಸರಗಳನ್ನು ಉಗುರಿನಿಂದ ಬಿಡಿಸಬೇಕು. ಒಳಗಿನ ಕಡ್ಡಿಗೆ ಪೆಟ್ಟಾಗಬಾರದು. ಮರುದಿನ ಬೆಳಿಗ್ಗೆ ಗಂಡು ಹೂವು ತಂದು ಆ ಕಡ್ಡಿಗೆ ಸವರಬೇಕು, ಗುರುತು ಕಟ್ಟಬೇಕು. ಹೂವು ಭಾನುವಾರ ಅಂತ ನಿಲ್ಲುವುದಿಲ್ಲ, ಮುಟ್ಟು ಅಂತ ನಿಲ್ಲುವುದಿಲ್ಲ. ಔಷಧ ಹೊಡೆದ ಗಿಡದಲ್ಲೇ ಎರಡು ಮೂರು ತಿಂಗಳು ಬಗ್ಗಿ ನಿಲ್ಲಬೇಕು. ಅವ್ವ ಅಂತಿದ್ದಳು: "ಗಂಡ ಗಿಡದ ಹೆಸರು ಬರಕೋತಾರ, ಹೆಣ್ಣ ಗಿಡದ ಹೆಸರು ಬರಕೋತಾರ. ಕೂಡಿಸಿದ ಕೈ ಯಾರ್ದು ಅಂತ ಯಾರೂ ಕೇಳೂದಿಲ್ಲ."

ಕೇಳದಂತೆಯೇ ಈ ಉದ್ಯಮದ ರಚನೆ ಇದೆ. ಕಂಪನಿ ಆರ್ಗನೈಸರನಿಗೆ, ಆರ್ಗನೈಸರ್ ರೈತನಿಗೆ, ರೈತ ಕೂಲಿಯವರಿಗೆ. ಬೀಜದ ಬೆಲೆ ಮೇಲೆ ನಿಗದಿಯಾಗುತ್ತದೆ, ಅದರ ಬಿಗಿ ಕೆಳಗೆ ಇಳಿಯುತ್ತದೆ. ಆಂಧ್ರದ ಹತ್ತಿ ಬೀಜದ ಹೊಲಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ದಾವುಲೂರಿ ವೆಂಕಟೇಶ್ವರ್ಲು ನಡೆಸಿದ ಅಧ್ಯಯನಗಳು, ಅವರಲ್ಲಿ ಹೆಚ್ಚಿನವರು ಹುಡುಗಿಯರು, ದಲಿತ, ಆದಿವಾಸಿ, ಹಿಂದುಳಿದ ಮನೆಯವರು, ಮುಂಗಡಕ್ಕೆ ಬಂದವರು ಎಂದು ತೋರಿಸಿವೆ. ಅಂಬೇಡ್ಕರ್ ಜಾತಿಯನ್ನು ಬರಿಯ ಶ್ರಮದ ವಿಭಜನೆ ಅನ್ನಲಿಲ್ಲ, ಶ್ರಮಿಕರ ವಿಭಜನೆ ಅಂದರು. ಆ ಮಾತಿನ ಅರ್ಥ ನನಗೆ ಗ್ರಂಥಾಲಯಕ್ಕಿಂತ ಮೊದಲು ಹತ್ತಿಯ ಹೊಲದಲ್ಲೇ ಆಗಿತ್ತು.

ಬೀಜದ ಪ್ರಶ್ನೆ ಎತ್ತಿದ ಚಳವಳಿ ನಮ್ಮಲ್ಲೇ ನಡೆದಿದೆ. 1992ರ ಡಿಸೆಂಬರಿನಲ್ಲಿ ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿತು. 1993ರಲ್ಲಿ ಬಳ್ಳಾರಿಯ ಘಟಕದ ಮೇಲೆ ದಾಳಿ ನಡೆಯಿತು. ಅದರ ದಿಟ್ಟತನವನ್ನು ಅಲ್ಲಗಳೆಯಲಾರೆ. ಆದರೆ ಅಲ್ಲಿ ಮುಂದಿದ್ದದ್ದು ಬೀಜ ಯಾರ ಸ್ವತ್ತು ಎಂಬ ಪ್ರಶ್ನೆ. ಬೀಜ ಯಾರ ದುಡಿಮೆ ಎಂಬುದಲ್ಲ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆ ಬೀಜ ಉಳಿಸುವ, ಹಂಚುವ ಹಕ್ಕನ್ನು ರೈತನಿಗೆ ಕೊಟ್ಟಿತು. ಹೈಬ್ರಿಡ್ ಬೀಜವಾದರೋ ಮರುವರ್ಷ ಬಿತ್ತಿದರೆ ಗುಣ ಒಡೆದು ಚದುರುತ್ತದೆ. ಕಾಯ್ದೆ ತೆರೆದ ಬೀಗವನ್ನು ಬೀಜವೇ ಹಾಕಿಕೊಂಡಿದೆ. ಹಾಗಾಗಿ ಪ್ರತಿ ವರ್ಷ ಅದನ್ನು ಹೊಸದಾಗಿ ಮಾಡಬೇಕು, ಪ್ರತಿ ವರ್ಷ ಆ ಕೈ ಬೇಕು. ತಳಿಗಾರನ ಹಕ್ಕು, ರೈತನ ಹಕ್ಕು ಬರೆದ ಆ ಕಾಯ್ದೆ ಕ್ರಾಸಿಂಗ್ ಮಾಡಿದವಳ ಬಗ್ಗೆ ಮಾತಾಡುವುದಿಲ್ಲ.

ಹಾಗಂತ ಹಳೆಯ ನಾಟಿ ಬೀಜಕ್ಕಾಗಿ ಹಲುಬುವವರ ಸಾಲಿಗೂ ನಾನು ಸೇರಲಾರೆ. ಹಗೇವು ತುಂಬಿದ್ದ ಕಾಲದಲ್ಲೂ ಹಗೇವು ನಮ್ಮದಾಗಿರಲಿಲ್ಲ. ಕ್ರಾಸಿಂಗ್ ಕೂಲಿ ಕನಿಷ್ಠ ರೊಕ್ಕವಾಗಿ ಅವ್ವನ ಕೈಗೆ ಬಂತು. ಅದರಲ್ಲೇ ನಾನು ಎಂ.ಎ. ಓದಿದೆ. ಈ ಇಕ್ಕಟ್ಟನ್ನು ಬಿಟ್ಟು ಬರೆದರೆ ನಮ್ಮ ಚರಿತ್ರೆಯೂ ಸುಳ್ಳಾಗುತ್ತದೆ.

ಹೈಬ್ರಿಡ್‌ಗೆ ಕನ್ನಡದಲ್ಲಿ 'ಸಂಕರಣ ತಳಿ' ಅನ್ನುತ್ತೇವೆ. ಮನುಸ್ಮೃತಿ ಚಾಂಡಾಲರನ್ನು ವರ್ಣಸಂಕರದಿಂದ ಹುಟ್ಟಿದವರೆಂದು ಹೀಗಳೆಯಿತು. ನಮಗೆ ಬೈಗುಳವಾಗಿದ್ದ ಪದ ಬೀಜದ ಪ್ಯಾಕೆಟ್ಟಿನಲ್ಲಿ ಲಾಭವಾಯಿತು. ಆದರೆ ಶುದ್ಧಿಯ ಹುಚ್ಚು ಹೋಗಲಿಲ್ಲ. ಸಂಕರದ ಬೀಜಕ್ಕೂ ಶುದ್ಧತೆಯ ಪರೀಕ್ಷೆ ಇದೆ. ಒಂದು ವರ್ಷ ಬೀಜ ಫೇಲಾಯಿತು ಅಂತ ಹೊಲದ ಮಾಲಕರು ಅವ್ವನ ಎರಡು ವಾರದ ಪಗಾರ ಹಿಡಿದರು. ಬಿಟ್ಟುಹೋದ ಮೊಗ್ಗುಗಳ ತಪ್ಪು ಅವಳ ಹೆಸರಿಗೆ ಬಂತು. ಸರಿಯಾಗಿ ಕೂಡಿಸಿದ ಸಾವಿರಾರು ಮೊಗ್ಗುಗಳು ಯಾರ ಹೆಸರಿಗೆ?

ದಲಿತ ವಿಮರ್ಶೆ ಕಥೆ ಕವಿತೆಗಳನ್ನಷ್ಟೇ ಓದಿದರೆ ಸಾಲದು. ಬೀಜದ ಪ್ಯಾಕೆಟ್ಟನ್ನೂ, ಕೂಲಿಯ ಪಟ್ಟಿಯನ್ನೂ, ಕಾಯ್ದೆಯ ಮೌನವನ್ನೂ ಓದಬೇಕು. ಕ್ರಾಸಿಂಗ್ ಮಾಡಿದ ಅವ್ವಂದಿರು ಇನ್ನೂ ನಮ್ಮ ಕೇರಿಗಳಲ್ಲಿದ್ದಾರೆ. ಅವರ ಮುಂದೆ ಕೂತು ಕೇಳಿ ಬರೆದುಕೊಳ್ಳುವ ಕೆಲಸ ನಮ್ಮದು. ಈ ವರ್ಷ ನನ್ನ ವಿದ್ಯಾರ್ಥಿಗಳಿಗೆ ಅದನ್ನೇ ಮನೆಗೆಲಸವಾಗಿ ಕೊಟ್ಟಿದ್ದೇನೆ.