ಮಹಾಯುದ್ಧದ ಒಂದು ಮಾಸ: ಕ್ರಿ. ಶ. ೧೯೧೪ನೆಯ ಸೆಪ್ಟೆಂಬರು

॥ ಶ್ರೀ ಗುರುಬಸವಲಿಂಗಾಯ ನಮಃ ॥

ಶ್ರೀಮಠದ ಮಹೋತ್ಸವದ ಈ ಸಂಸ್ಮರಣ ಗ್ರಂಥದಲ್ಲಿ ದೂರದ ಯೂರೋಪಖಂಡದ ಕದನವಾರ್ತೆಗೆ ಎಡೆಯೇನೆಂದು ಭಕ್ತಮಹಾಶಯರಲ್ಲಿ ಕೆಲವರು ಶಂಕಿಸಬಹುದು. ಚರಿತ್ರೆಯು ಅರಸರ ಜಯಾಪಜಯಗಳ ಪಟ್ಟಿ ಮಾತ್ರವೇ ಆಗಿದ್ದರೆ ಆ ಶಂಕೆಯು ಯುಕ್ತವೇ ಸರಿ. ಆದರೆ ಮನುಷ್ಯನ ವಿದ್ಯೆಯೂ ಯಂತ್ರಬಲವೂ ದಯೆಯನ್ನು ಅಗಲಿದಾಗ ಏನಾಗುವುದೆಂಬುದನ್ನು ತೋರಿಸುವ ಕನ್ನಡಿಯೂ ಚರಿತ್ರೆಯೇ. ಆ ಕನ್ನಡಿಯಲ್ಲಿ ೧೯೧೪ನೆಯ ಇಸವಿಯ ಸೆಪ್ಟೆಂಬರು ಮಾಸವೊಂದನ್ನು ನೋಡಿದರೂ ಸಾಕು. ನಾಲ್ಕು ವರ್ಷಗಳ ಮಹಾಯುದ್ಧದ ಲಕ್ಷಣಗಳು ಅದರಲ್ಲಿಯೇ ಗೋಚರಿಸುವುವು.

ಆ ವರ್ಷದ ಜೂನ್ ೨೮ರಂದು ಸರಾಯೆವೊ ನಗರದಲ್ಲಿ ಆಸ್ಟ್ರಿಯದ ಯುವರಾಜನೂ ಅವನ ಪತ್ನಿಯೂ ಹತರಾದರು. ಜುಲೈ ೨೮ರಂದು ಆಸ್ಟ್ರಿಯವು ಸರ್ಬಿಯದ ಮೇಲೆ ಯುದ್ಧವನ್ನು ಸಾರಿತು. ಪರಸ್ಪರ ಕೊಟ್ಟ ಭಾಷೆಗಳಿಗೆ ಕಟ್ಟುಬಿದ್ದ ರಾಜ್ಯಗಳು ಒಂದರ ಹಿಂದೊಂದು ರಣಕ್ಕಿಳಿದುವು. ಆಗಸ್ಟ್ ೪ರಂದು ಬ್ರಿಟನ್ನು ಯುದ್ಧವನ್ನು ಸಾರಲು, ಇಲ್ಲಿಯ ಪ್ರಜೆಗಳನ್ನು ಯಾರೂ ಕೇಳದೆಯೇ ಭಾರತವೂ ಅದರಲ್ಲಿ ಸಿಲುಕಿತು. ವರ್ಷವು ಮುಗಿಯುವುದರೊಳಗಾಗಿ ಎಲ್ಲವೂ ಮುಗಿಯುವುದೆಂದು ಉಭಯಪಕ್ಷಗಳಲ್ಲಿಯೂ ಬಹುಜನರು ನಂಬಿದ್ದರು. ಆ ನಂಬಿಕೆಯು ಮುರಿದುಬಿದ್ದುದು ಸೆಪ್ಟೆಂಬರಿನಲ್ಲಿ.

ಮಾಸಾರಂಭದಲ್ಲಿ ಜರ್ಮನರು ಬೆಲ್ಜಿಯಮ್ ದೇಶವನ್ನು ತುಳಿದು ಪ್ಯಾರಿಸಿನಿಂದ ಸುಮಾರು ೩೦ ಮೈಲಿಗಳ ಅಂತರಕ್ಕೆ ಬಂದಿದ್ದರು. ೨ನೆಯ ತಾರೀಖು ಫ್ರೆಂಚ್ ಸರಕಾರವು ರಾಜಧಾನಿಯನ್ನು ಬಿಟ್ಟು ಬೋರ್ಡೋ ನಗರಕ್ಕೆ ತೆರಳಿತು. ಆದರೆ ಜರ್ಮನ್ ದಂಡನಾಯಕನಾದ ಕ್ಲುಕ್ ಎಂಬವನು ಪ್ಯಾರಿಸಿನ ಪೂರ್ವದಿಕ್ಕಿಗೆ ತಿರುಗಲು ಅವನ ಬಲಪಾರ್ಶ್ವವು ಬಯಲಾಯಿತು. ಫ್ರೆಂಚ್ ಸೇನಾಪತಿ ಜೋಫ್ರನೂ ಪ್ಯಾರಿಸಿನ ರಕ್ಷಣಾಧಿಕಾರಿ ಗಾಲಿಯೇನಿಯೂ ಆ ಸಮಯವನ್ನು ಬಿಡಲಿಲ್ಲ. ಬಾಡಿಗೆಯ ಮೋಟಾರುಗಳಲ್ಲಿಯೂ ಸಿಪಾಯಿಗಳನ್ನು ತುಂಬಿ ಕಳುಹಿದರು. ಅವರನ್ನೆದುರಿಸಲು ಕ್ಲುಕನು ಪಶ್ಚಿಮಕ್ಕೆ ಹೊರಳಲು, ಅವನ ದಂಡಿಗೂ ನೆರೆಯ ಬ್ಯೂಲೋವನ ದಂಡಿಗೂ ನಡುವೆ ತೆರಪುಂಟಾಯಿತು. ಇಂಗ್ಲಿಷರೂ ಫ್ರೆಂಚರೂ ಅದರಲ್ಲಿ ನುಗ್ಗಿದರು. ೯ನೆಯ ತಾರೀಖು ಜರ್ಮನರು ಹಿಂಜರಿಯತೊಡಗಿ, ಏನ್ ನದಿಯ ದಿಬ್ಬಗಳಲ್ಲಿ ಕಂದಕಗಳನ್ನು ತೋಡಿ ಕುಳಿತರು. ಎದುರಾಳಿಗಳೂ ಹಾಗೆಯೇ ಮಾಡಿದರು. ಮಾರ್ನ್ ನದಿಯ ಕಾಳಗವು ಪ್ಯಾರಿಸನ್ನು ಉಳಿಸಿತು; ಯುದ್ಧವನ್ನು ಮುಗಿಸಲಿಲ್ಲ.

ಪೂರ್ವದಲ್ಲಿ ರಷ್ಯನರು ೩ನೆಯ ತಾರೀಖು ಆಸ್ಟ್ರಿಯದ ಲೆಂಬರ್ಗ್ ಪಟ್ಟಣವನ್ನು ಹಿಡಿದರು. ಆದರೆ ಮಸೂರಿಯದ ಸರೋವರಪ್ರಾಂತದಲ್ಲಿ ಜರ್ಮನರಿಗೆ ಸೋತರು. ಚೀನದ ಷಾಂಟುಂಗ್ ಪ್ರಾಂತದಲ್ಲಿ ಜರ್ಮನರ ವಶದಲ್ಲಿದ್ದ ಬಂದರನ್ನು ಕಸಿದುಕೊಳ್ಳಲು ಜಪಾನರು ದಂಡನ್ನಿಳಿಸಿದರು. ೫ನೆಯ ತಾರೀಖು ಬ್ರಿಟನ್, ಫ್ರಾನ್ಸ್, ರಷ್ಯ ಈ ಮೂರು ರಾಜ್ಯಗಳು ತಮ್ಮಲ್ಲಿ ಯಾರೂ ಪ್ರತ್ಯೇಕವಾಗಿ ಸಂಧಿ ಮಾಡಿಕೊಳ್ಳಬಾರದೆಂದು ಲಂಡನ್ನಿನಲ್ಲಿ ಒಡಂಬಟ್ಟುವು.

೨೨ನೆಯ ತಾರೀಖು ಕಡಲಿನ ದಿನವೆನ್ನಬಹುದು. ಅಂದು ಬೆಳಿಗ್ಗೆ ಉತ್ತರಸಮುದ್ರದಲ್ಲಿ ಜರ್ಮನರ ಒಂದೇ ಒಂದು ಜಲಾಂತರ್ಗಾಮಿ ನೌಕೆಯು ಎರಡು ಗಂಟೆಗಳೊಳಗೆ ಬ್ರಿಟಿಷರ ಮೂರು ದೊಡ್ಡ ಯುದ್ಧನೌಕೆಗಳನ್ನು ಮುಳುಗಿಸಿತು. ೧,೪೦೦ಕ್ಕೂ ಮಿಕ್ಕ ಜನರು ಜಲಸಮಾಧಿಯಾದರು. ಅಂದೇ ರಾತ್ರಿ ಎಂಡೆನ್ ಎಂಬ ಜರ್ಮನ್ ನೌಕೆಯು ಮದ್ರಾಸಿನ ಸಮೀಪಕ್ಕೆ ಬಂದು ನೂರಕ್ಕೂ ಹೆಚ್ಚು ಗುಂಡುಗಳನ್ನು ಹಾರಿಸಿ, ಬರ್ಮಾ ಆಯಿಲ್ ಕಂಪನಿಯ ಎಣ್ಣೆಯ ಟಾಂಕಿಗಳನ್ನು ಸುಟ್ಟಿತು. ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳು ಆಗ ಆ ಮದ್ರಾಸಿನ ಆಡಳಿತಕ್ಕೇ ಒಳಪಟ್ಟಿದ್ದುವು. ಭಯಗ್ರಸ್ತರಾದ ಸಾವಿರಾರು ಜನರು ಪಟ್ಟಣವನ್ನು ಬಿಟ್ಟೋಡಿದರು. ಎಂಡೆನ್ನಿನ ನಾಯಕನಾದ ಮ್ಯೂಲರನು ತಾನು ಹಿಡಿದ ಹಡಗುಗಳ ನಾವಿಕರನ್ನು ಕೊಲ್ಲದೆ ಕಳುಹಿಸಿಕೊಡುತ್ತಿದ್ದನೆಂಬುದನ್ನು ಶತ್ರುಗಳೂ ಮೆಚ್ಚಿ ಬರೆದಿರುವರು.

ಇದೇ ಮಾಸದಲ್ಲಿ ಮೈಸೂರಿನ ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು ಸೈನ್ಯದ ವೆಚ್ಚಕ್ಕಾಗಿ ೫೦ ಲಕ್ಷ ರೂಪಾಯಿಗಳನ್ನು ಕೊಡಮಾಡಿದ ವಾರ್ತೆಯನ್ನು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಓದಲಾಯಿತು. ೨೬ನೆಯ ತಾರೀಖು ಭಾರತೀಯ ಸಿಪಾಯಿಗಳು ಫ್ರಾನ್ಸಿನ ಮಾರ್ಸೇಲ್ಸ್ ಬಂದರದಲ್ಲಿ ಇಳಿದರು. ಮೂರೇ ದಿನಗಳ ತರುವಾಯ, ೨೯ನೆಯ ತಾರೀಖು, ಕೆನಡಾದಲ್ಲಿ ಪ್ರವೇಶವಿಲ್ಲದೆ ಹಿಂದಿರುಗಿದ ಕೋಮಾಗಾಟ ಮಾರು ಹಡಗಿನ ಯಾತ್ರಿಕರ ಮೇಲೆ ಕಲಕತ್ತೆಯ ಹತ್ತಿರದ ಬಜ್‌ಬಜ್‌ನಲ್ಲಿ ಗುಂಡು ಹಾರಿತು. ಸುಮಾರು ೨೦ ಮಂದಿ ಮಡಿದರು. ಅವರಲ್ಲಿ ಹೆಚ್ಚಿನವರು ಪಂಜಾಬದ ಸಿಖ್ಖರು. ಒಂದು ಸಾಮ್ರಾಜ್ಯವನ್ನು ಕಾಯಲು ಹೋದವರೂ ಅದರ ಗುಂಡಿಗೆ ಬಲಿಯಾದವರೂ ಒಂದೇ ನಾಡಿನ ಮಕ್ಕಳೆಂಬುದನ್ನು ವಾಚಕರು ಮನಗಾಣಬೇಕು.

ವಿದ್ಯಾಪ್ರಿಯರ ಎದೆಯನ್ನು ಸುಡುವ ಮಾತು ಇನ್ನೊಂದಿದೆ. ಆಗಸ್ಟಿನ ಕೊನೆಯಲ್ಲಿ ಜರ್ಮನರು ಬೆಲ್ಜಿಯಮ್ಮಿನ ಲೂವೇನ್ ವಿದ್ಯಾಪೀಠದ ಗ್ರಂಥಭಂಡಾರಕ್ಕೆ ಬೆಂಕಿಯಿಟ್ಟರು; ಸುಮಾರು ೩ ಲಕ್ಷ ಗ್ರಂಥಗಳು ಬೂದಿಯಾದುವು. ಸೆಪ್ಟೆಂಬರು ೧೯ರಂದು ಫ್ರಾನ್ಸಿನ ರ್‍ಹೀಮ್ಸ್ ನಗರದ ಪುರಾತನ ದೇವಾಲಯವು ಫಿರಂಗಿಗಳ ಹೊಡೆತಕ್ಕೆ ಹೊತ್ತಿ ಉರಿಯಿತು. ಒಳಗೆ ಹುಲ್ಲಿನ ಹಾಸಿನ ಮೇಲೆ ಗಾಯಗೊಂಡ ಜರ್ಮನ್ ಸೈನಿಕರೇ ಮಲಗಿದ್ದರು. ಹೊರಗೆ ಕೋಪೋದ್ರಿಕ್ತರಾದ ಜನರು ಅವರನ್ನು ಕೊಲ್ಲಬೇಕೆಂದು ನಿಂತಿರಲು, ಆ ದೇವಾಲಯದ ಪಾದ್ರಿಗಳು ನಡುವೆ ನಿಂತು, ಬದುಕಿದ್ದವರನ್ನು ಕಾಪಾಡಿದರು. ತಮ್ಮ ದೇವಾಲಯವನ್ನು ಸುಟ್ಟವರ ಬಂಧುಗಳನ್ನೇ ಉಳಿಸಿದ ಈ ಕಾರ್ಯವು, ಆ ಮಾಸದ ಎಲ್ಲ ಜಯಗಳಿಗಿಂತಲೂ ದೊಡ್ಡದೆಂದು ನನ್ನ ಅಲ್ಪಮತಿಗೆ ತೋರುತ್ತದೆ.

ಯುದ್ಧವು ೧೯೧೮ನೆಯ ನವೆಂಬರು ೧೧ರವರೆಗೆ ಬೆಳೆಯಿತು. ಹತ್ತು ಲಕ್ಷಕ್ಕೂ ಮಿಕ್ಕ ಭಾರತೀಯರು ಕಡಲನ್ನು ದಾಟಿದರು. ಎಪ್ಪತ್ತು ಸಾವಿರಕ್ಕೂ ಮಿಕ್ಕವರು ಹಿಂದಿರುಗಲಿಲ್ಲ. ೧೯೧೮ರ ಸೆಪ್ಟೆಂಬರು ೨೩ರಂದು ಹೈಫಾ ಪಟ್ಟಣವನ್ನು ಗೆದ್ದ ರಾವುತರಲ್ಲಿ ಮೈಸೂರಿನವರೂ ಇದ್ದರು. ಅವರ ಸ್ಮಾರಕವು ದಿಲ್ಲಿಯಲ್ಲಿದೆ. ಲೂವೇನಿನ ಭಂಡಾರವನ್ನು ಪುನಃ ಕಟ್ಟಲಾಯಿತು; ೧೯೪೦ನೆಯ ಮೇ ತಿಂಗಳಲ್ಲಿ, ಎರಡನೆಯ ಮಹಾಯುದ್ಧದಲ್ಲಿ, ಅದು ಮತ್ತೊಮ್ಮೆ ಉರಿದುಹೋಯಿತು.

ಸುಟ್ಟ ಗೋಡೆಯನ್ನು ಹಣದಿಂದ ಎಬ್ಬಿಸಬಹುದು; ಸುಡುವ ಕೈಯನ್ನು ತಡೆಯಲು ಹಣವು ಸಾಲದು. ಅದಕ್ಕೆ ಬೇಕಾದುದು ಸಂಸ್ಕಾರ. ಓಲೆಯ ಕಟ್ಟುಗಳನ್ನು ಕಾಯುವ, ಜಾತಿಕುಲಗಳನ್ನು ಕೇಳದೆ ಹಸಿದವರಿಗೆ ದಾಸೋಹವನ್ನು ನಡೆಸುವ ಮಠಗಳ ಕಾರ್ಯವು ಇಲ್ಲಿಯೇ ಇದೆ. ಪರರ ನೋವನ್ನು ತನ್ನದೆಂದು ಬಗೆಯುವ ಬುದ್ಧಿಯನ್ನು ಶ್ರೀಗುರುವು ನಮ್ಮೆಲ್ಲರಿಗೂ ಕರುಣಿಸಲೆಂದು ಬೇಡಿ ಈ ಲೇಖನವನ್ನು ಮುಗಿಸುವೆನು.