ಕಡ್ಡಾಯ ಮತದಾನದ ಪ್ರಶ್ನೆ: ಬೆಂಗಳೂರಿನ ದಂಡು ಮತ್ತು ಪೂರ್ವಭಾಗದ ಅನುಭವ

ಪ್ರಜೆಯನ್ನು ಮತ ಚಲಾಯಿಸುವಂತೆ ಪ್ರೇರೇಪಿಸಬೇಕೇ, ಕಾನೂನಿನಿಂದ ಕಟ್ಟುಪಡಿಸಬೇಕೇ ಎಂಬ ಚರ್ಚೆಗೆ ಕರ್ನಾಟಕದಲ್ಲಿ ಶಾಸನದ ರೂಪ ದೊರೆತದ್ದು 2015ರಲ್ಲಿ. ಆ ವರ್ಷದ ಪಂಚಾಯತ್ ರಾಜ್ ತಿದ್ದುಪಡಿಯು ಗ್ರಾಮ ಪಂಚಾಯತಿ ಚುನಾವಣೆಗಳಲ್ಲಿ ಮತದಾನವನ್ನು ಕಡ್ಡಾಯಗೊಳಿಸಿತಾದರೂ ತಪ್ಪಿದವರಿಗೆ ಶಿಕ್ಷೆಯನ್ನು ವಿಧಿಸಲಿಲ್ಲ. ಅದೇ ವರ್ಷ ಗುಜರಾತ್ ಸರ್ಕಾರವು ಸ್ಥಳೀಯ ಚುನಾವಣೆಗಳಿಗೆ 100 ರೂಪಾಯಿ ದಂಡವನ್ನು ಗೊತ್ತುಪಡಿಸಿದಾಗ ಅಲ್ಲಿನ ಉಚ್ಚ ನ್ಯಾಯಾಲಯವು ತಡೆಯಾಜ್ಞೆ ನೀಡಿತು. ಕೇಂದ್ರ ಕಾನೂನು ಆಯೋಗವೂ ತನ್ನ 255ನೆಯ ವರದಿಯಲ್ಲಿ ಕಡ್ಡಾಯ ಮತದಾನ ಬೇಡವೆಂದೇ ಅಭಿಪ್ರಾಯಪಟ್ಟಿತ್ತು.

ಕರ್ನಾಟಕದ ಶಾಸನವು ಬೆಂಗಳೂರು ಪೂರ್ವ ತಾಲ್ಲೂಕಿನಲ್ಲಿ ಒಂದು ವಿಚಿತ್ರ ಗೆರೆಯನ್ನೆಳೆಯಿತು. ಮಂಡೂರು ಗ್ರಾಮ ಪಂಚಾಯತಿಯ ಮತದಾರನು ಕಾನೂನಿನ ಕಟ್ಟಿಗೆ ಒಳಪಟ್ಟನು. ತಾಲ್ಲೂಕಿನ ಕೇಂದ್ರವಾದ ಕೃಷ್ಣರಾಜಪುರವು 2007ರಲ್ಲಿಯೇ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಗಿದ್ದುದರಿಂದ ಅಲ್ಲಿನವನಿಗೆ ಆ ಕಟ್ಟು ಇರಲಿಲ್ಲ. ಮತದಾನದ ಕೊರತೆ ಇದ್ದದ್ದಾದರೋ ನಗರದಲ್ಲಿ. 2015ರ ಆಗಸ್ಟ್ 22ರ ಪಾಲಿಕೆ ಚುನಾವಣೆಯಲ್ಲಿ ಮತ ನೀಡಿದವರು ಅರ್ಧಕ್ಕಿಂತಲೂ ಕಡಿಮೆ. ರೋಗ ಒಂದೆಡೆ, ಔಷಧ ಇನ್ನೊಂದೆಡೆ ಎಂಬಂತಾಯಿತು.

ನಗರವಾಸಿಯ ಈ ಗೈರುಹಾಜರಿಗೆ ಉದಾಸೀನವೇ ಕಾರಣವೆಂಬ ಮಾತು ವಾಡಿಕೆಯಲ್ಲಿದೆ. ಅದು ಅರ್ಧಸತ್ಯ. ಬಾಡಿಗೆಮನೆಯಿಂದ ಬಾಡಿಗೆಮನೆಗೆ ಸಾಗುವವನ ಹೆಸರು ಹಳೆಯ ವಾರ್ಡಿನ ಪಟ್ಟಿಯಲ್ಲಿಯೋ ಹುಟ್ಟೂರಿನಲ್ಲಿಯೋ ಉಳಿದಿರುತ್ತದೆ. 1924ರಿಂದ ಸಂಸತ್ತಿನ ಚುನಾವಣೆಗಳಿಗೆ ಮತದಾನವನ್ನು ಕಡ್ಡಾಯಗೊಳಿಸಿದ ಆಸ್ಟ್ರೇಲಿಯದಲ್ಲಿ ಶನಿವಾರವೇ ಮತದಾನ ನಡೆಯುತ್ತದೆ. ಅಂಚೆಮತ, ಮುಂಗಡಮತ, ಸಂಚಾರಿ ಮತಗಟ್ಟೆಗಳ ವ್ಯವಸ್ಥೆಯಿದೆ. ಅಲ್ಲಿನ ಕಟ್ಟುಪಾಡು ಪ್ರಜೆಗಷ್ಟೇ ಅಲ್ಲ, ಪ್ರಭುತ್ವಕ್ಕೂ ಅನ್ವಯಿಸುತ್ತದೆ.

ಈ ದೃಷ್ಟಿಯಿಂದ ದಂಡಿನ ಇತಿಹಾಸವು ಗಮನಾರ್ಹ. 1809ರಲ್ಲಿ ನೆಲೆಗೊಂಡ ದಂಡು, 1881ರಲ್ಲಿ ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಬ್ರಿಟಿಷರ ವಶದಲ್ಲೇ ಉಳಿಯಿತು. ಅದೇ ವರ್ಷ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ 1891ರಿಂದ ಚುನಾವಣೆ ನಡೆಯತೊಡಗಿತು. ಮತದ ಹಕ್ಕು ಕೆಲವರಿಗೆ ಮಾತ್ರ ಸೀಮಿತವಾಗಿತ್ತೆಂಬುದು ಬೇರೆ ಮಾತು. ಹಲಸೂರು ಮತ್ತು ಇಂದಿನ ಶಿವಾಜಿನಗರದ ಪ್ರದೇಶಗಳು ರೆಸಿಡೆಂಟರ ಅಧೀನದಲ್ಲಿದ್ದು ಆ ಸಭೆಯ ವ್ಯಾಪ್ತಿಗೆ ಹೊರಗಿದ್ದವು. 1947ರಲ್ಲಿ ದಂಡು ಮೈಸೂರಿಗೆ ಮರಳಿತು. 1949ರ ಕಾಯಿದೆಯು ನಗರ ಮತ್ತು ದಂಡಿನ ಪುರಸಭೆಗಳನ್ನು ಒಂದುಗೂಡಿಸಿತು. ವಯಸ್ಕ ಮತಾಧಿಕಾರವು ಬಂದದ್ದು ಅದರ ಬೆನ್ನಿಗೇ.

ಹೀಗೆ ತಡವಾಗಿ ಪಡೆದ ಹಕ್ಕು ಸ್ಥಳೀಯ ಆಡಳಿತದ ಮಟ್ಟದಲ್ಲಿ ಮತ್ತೆ ಸ್ಥಗಿತಗೊಂಡಿತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ಪೂರ್ಣಗೊಳ್ಳಬೇಕೆಂದು ಸಂವಿಧಾನದ 243ಯು ವಿಧಿಯು ಹೇಳುತ್ತದೆ. ಆದರೂ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದಾಗ ಆಡಳಿತಾಧಿಕಾರಿಯ ನೇಮಕವಾಯಿತೇ ಹೊರತು ಚುನಾವಣೆ ನಡೆಯಲಿಲ್ಲ. ಡಿಸೆಂಬರಿನಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು 198 ವಾರ್ಡುಗಳಿಗೆ ಚುನಾವಣೆ ನಡೆಸುವಂತೆ ಆದೇಶಿಸಿತು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ತಡೆಹಿಡಿಯಿತು. ಮತ ಹಾಕಲು ಸಿದ್ಧನಿದ್ದ ಹಲಸೂರಿನ ಪ್ರಜೆಗೂ ಮುಂದಿನ ಐದು ವರ್ಷ ವಾರ್ಡಿನ ಮತಪೆಟ್ಟಿಗೆ ಎದುರಾಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಐದು ನಗರ ಪಾಲಿಕೆಗಳು ರಚನೆಯಾದಾಗ ಶಿವಾಜಿನಗರವು ಕೇಂದ್ರ ಪಾಲಿಕೆಗೂ ಕೃಷ್ಣರಾಜಪುರವು ಪೂರ್ವ ಪಾಲಿಕೆಗೂ ಸೇರಿದವು. ಈ ಪಾಲಿಕೆಗಳೂ ಚುನಾಯಿತ ಸದಸ್ಯರಿಲ್ಲದೆಯೇ ಕಾರ್ಯಾರಂಭ ಮಾಡಿದವು.